ಕಾಯಲಾಗದ ದ್ರಾಕ್ಷಿ, ಮರಿಗೌಡರ ಲೆಕ್ಕಾಚಾರ

ಹೊಸೂರು ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿಗೆ ಹೋಗೋ ನಮ್ಮಲ್ಲಿ ಎಷ್ಟೋ ಜನ ದಿನಾ ದಾಟೋದು ಡಾ. ಎಂ.ಎಚ್. ಮರಿಗೌಡ ರಸ್ತೆಯನ್ನು. ಅವರು ಯಾರು ಅಂತ ಕೇಳಿದರೆ ನನ್ನ ವಾರಿಗೆಯವರು ತಲೆ ಕೆರೆದುಕೊಳ್ಳುತ್ತಾರೆ. ನನ್ನ ಪ್ರಕಾರ ಈ ಊರಿನ ಹಣ್ಣಿನ ರಾಜಕೀಯವನ್ನು ಅವರಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಕಡಿಮೆ.

1916ರಲ್ಲಿ ಬನ್ನೂರು ಕಡೆಯ ರೈತ ಮನೆತನದಲ್ಲಿ ಹುಟ್ಟಿದ ಮರಿಗೌಡರು ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡಿದರು. 1951ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತರು. ಅಲ್ಲಿ ಹೂವಿನ ಪಾತಿ ನೋಡಿಕೊಂಡು ಆರಾಮಾಗಿ ಇರಬಹುದಿತ್ತು. ಅವರ ಕಣ್ಣು ಹೋಗಿದ್ದು ನಗರದ ಸುತ್ತಲಿನ ದ್ರಾಕ್ಷಿ ಚಪ್ಪರಗಳ ಕಡೆಗೆ.

ಇಟಲಿಯ ವೆರೋನಾ ಬಳಿ ಅಮರೋನೆ ಅನ್ನೋ ಕೆಂಪು ವೈನ್ ಮಾಡ್ತಾರೆ. ಕೊಯ್ದ ಗೊಂಚಲುಗಳನ್ನು ಗಾಳಿಯಾಡುವ ಅಟ್ಟದಲ್ಲಿ ಹರಡಿ ಮೂರ್ನಾಲ್ಕು ತಿಂಗಳು ಒಣಗಿಸ್ತಾರೆ. ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಇಳಿಯುತ್ತೆ, ಬೆಲೆ ಏರುತ್ತೆ. ನಮ್ಮ ವಿಜಯಪುರದ ರೈತರೂ ಬೀಜವಿಲ್ಲದ ದ್ರಾಕ್ಷಿಯನ್ನು ಒಣಗಿಸಿ ಇಟ್ಟುಕೊಳ್ಳಬಲ್ಲರು. ಆದರೆ ಬೆಂಗಳೂರು ನೀಲಿ ಬೀಜದ ಹಣ್ಣು, ರಸವೇ ಜಾಸ್ತಿ. ಒಣದ್ರಾಕ್ಷಿಗೆ ಒಗ್ಗಲ್ಲ. ಕೊಯ್ದ ಮೇಲೆ ಬೇಗ ಮಾರಲೇಬೇಕು. ಕಾಯೋಕೆ ಆಗದವನು ಚೌಕಾಸಿ ಮಾಡೋಕೂ ಆಗಲ್ಲ. ಮಂಡಿಯಲ್ಲಿ ದಲ್ಲಾಳಿ ಹೇಳಿದ್ದೇ ರೇಟು.

ಈ ಗಂಟು ಬಿಡಿಸೋಕೆ 1959ರಲ್ಲಿ ಮರಿಗೌಡರ ಮುತುವರ್ಜಿಯಿಂದ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಮಾರಾಟದ ಜೊತೆ ಸಂಸ್ಕರಣೆಯೂ ಅದರ ಉದ್ದೇಶ. ಮುಂದೆ ಬೇರೆ ಹಣ್ಣು, ತರಕಾರಿಗೂ ಹರಡಿ ಅದೇ ಹಾಪ್‌ಕಾಮ್ಸ್ ಆಯ್ತು. 1963ರಲ್ಲಿ ಅವರು ತೋಟಗಾರಿಕೆ ನಿರ್ದೇಶಕರಾದರು. 1974ರಲ್ಲಿ ನಿವೃತ್ತರಾಗುವ ಹೊತ್ತಿಗೆ ರಾಜ್ಯದ ಉದ್ದಗಲಕ್ಕೂ ಸರ್ಕಾರಿ ತೋಟ, ನರ್ಸರಿಗಳನ್ನು ಕಟ್ಟಿಸಿದ್ದರು. 1992ರಲ್ಲಿ ತೀರಿಕೊಂಡರು. ಬೆಂಗಳೂರು ನೀಲಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು.

ಆದರೆ ಮಾನ್ಯತೆಯೊಂದೇ ರೈತನಿಗೆ ಬೆಲೆ ತಂದುಕೊಡಲ್ಲ. ಇವತ್ತು ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟಿಗೆ ಹತ್ತು ನಿಮಿಷದಲ್ಲಿ ದ್ರಾಕ್ಷಿ ಬರುತ್ತೆ. ನಾನೂ ತರಿಸ್ತೀನಿ. ಹಾಪ್‌ಕಾಮ್ಸ್ ಮಳಿಗೆಗಳು ಸೊರಗಿವೆ, ಅದರ ಆಡಳಿತದ ಬಗ್ಗೆ ದೂರುಗಳೂ ಇವೆ. ಆದರೂ ಒಂದು ವ್ಯತ್ಯಾಸ ಮರೆಯಬಾರದು: ಸಹಕಾರ ಸಂಘದಲ್ಲಿ ಬೆಳೆಗಾರನಿಗೆ ಒಂದು ಓಟಿದೆ, ಆ್ಯಪ್‌ನಲ್ಲಿ ಇಲ್ಲ. ಸ್ಟಾರ್ಟಪ್ ಕಟ್ಟೋ ಜಾಣ್ಮೆ ಇರೋ ನಮ್ಮ ತಲೆಮಾರು ಆ ಸಂಘವನ್ನು ಸರಿ ಮಾಡೋದರ ಬಗ್ಗೆ ಯಾಕೆ ಯೋಚಿಸ್ತಿಲ್ಲ?