ಸೋತವರಿಗೆ ಮೊದಲ ಸರದಿ: ಬರ್ಟ್ ಬೆಲ್ ಅವರ ಜೀವನ

ಸಂಜೆಯ ಹೊತ್ತು ಶಾಲೆಯ ಬಯಲಿನಲ್ಲಿ ಕಬಡ್ಡಿಗೆ ತಂಡ ಕಟ್ಟುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇಬ್ಬರು ನಾಯಕರು ಎದುರುಬದುರಾಗಿ ನಿಂತು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದುಕೊಳ್ಳುತ್ತಾರೆ. ಗಟ್ಟಿಮುಟ್ಟಾದವರು ಮೊದಲು ಹೋಗುತ್ತಾರೆ. ಬಡಕಲು ಮೈಯವರು ಕೊನೆಗೆ ಉಳಿಯುತ್ತಾರೆ. ದಿನವೂ ಗೆಲ್ಲುವ ನಾಯಕನೇ ದಿನವೂ ಮೊದಲು ಆರಿಸಿಕೊಂಡರೆ ಆಟ ಏನಾದೀತು? ಒಂದೇ ಪಕ್ಷ ಗೆಲ್ಲುತ್ತಾ ಹೋಗುತ್ತದೆ. ನಾಲ್ಕು ದಿನ ಕಳೆದ ಮೇಲೆ ಸೋತವರು ಬಯಲಿಗೆ ಬರುವುದನ್ನೇ ಬಿಡುತ್ತಾರೆ. ಆಗ ಗೆದ್ದವರಿಗೂ ಆಟವಿಲ್ಲ. ಮಕ್ಕಳಿಗೂ ತಿಳಿಯುವ ಈ ಸತ್ಯವನ್ನು ಒಂದು ದೊಡ್ಡ ದೇಶದ ವೃತ್ತಿಪರ ಕ್ರೀಡೆಯ ನಿಯಮವನ್ನಾಗಿ ಮಾಡಿದವರು ಅಮೆರಿಕದ ಬರ್ಟ್ ಬೆಲ್.

ಬೆಲ್ ಅವರ ಆಟ ಅಮೆರಿಕನ್ ಫುಟ್‌ಬಾಲ್. ಹೆಸರು ಫುಟ್‌ಬಾಲ್ ಆದರೂ ಇದು ನಮ್ಮ ಮಕ್ಕಳು ಆಡುವ ಕಾಲ್ಚೆಂಡಲ್ಲ. ಇದರ ಚೆಂಡು ಎರಡೂ ತುದಿ ಚೂಪಾದ ಮೊಟ್ಟೆಯಾಕಾರದ್ದು. ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಒಂದೊಂದು ಪಕ್ಷದಲ್ಲಿ 11 ಮಂದಿ. ಚೆಂಡು ಸಿಕ್ಕಿದ ಪಕ್ಷವು ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದೆ ಸಾಗಬೇಕು; ಆಗದಿದ್ದರೆ ಚೆಂಡು ಎದುರಾಳಿಯ ಪಾಲು. ಈ ಆಟದ ವೃತ್ತಿಪರ ತಂಡಗಳ ಒಕ್ಕೂಟಕ್ಕೆ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂದು ಹೆಸರು. ಕಾಲೇಜುಗಳಲ್ಲಿ ಆಡಿ ಹೆಸರು ಮಾಡಿದ ತರುಣರನ್ನು ಈ ತಂಡಗಳು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಗೆದ್ದ ತಂಡಕ್ಕೆ ಕೊನೆಯದು. ಈ ಆಯ್ಕೆಗೆ ಡ್ರಾಫ್ಟ್ ಎನ್ನುತ್ತಾರೆ. ಪ್ರತಿ ವರ್ಷ ಈ ಪಟ್ಟಿ ಬಂದಾಗ, ಯಾರು ಜಾಣತನದಿಂದ ಆರಿಸಿದರು, ಯಾರು ಎಡವಿದರು ಎಂದು ಅಭಿಮಾನಿಗಳು ವಾರಗಟ್ಟಲೆ ಚರ್ಚಿಸುತ್ತಾರೆ. ದೂರದಲ್ಲಿದ್ದು ಕುತೂಹಲದಿಂದ ನೋಡುವ ನಮಗೂ ನಮ್ಮದೇ ಅಭಿಪ್ರಾಯಗಳುಂಟು. ಅವನ್ನು ಹೇಳುವ ಮೊದಲು ಬೆಲ್ ಅವರ ಕಥೆಯನ್ನು ತಿಳಿಯೋಣ.

ಬರ್ಟ್ ಬೆಲ್ ಅವರು 1895ರ ಫೆಬ್ರವರಿ 25ರಂದು ಫಿಲಡೆಲ್ಫಿಯಾ ನಗರದಲ್ಲಿ ಹುಟ್ಟಿದರು. ತಂದೆ ಹೆಸರಾಂತ ವಕೀಲರು. ಪೆನ್ಸಿಲ್ವೇನಿಯಾ ರಾಜ್ಯದ ಅಟಾರ್ನಿ ಜನರಲ್ ಆಗಿದ್ದವರು. ಸಹೋದರ ಮುಂದೆ ಅದೇ ರಾಜ್ಯದ ಗವರ್ನರ್ ಪದವಿಗೂ ಏರಿದರು. ಹೀಗೆ ಸಿರಿವಂತಿಕೆ, ವಿದ್ಯೆ, ಅಧಿಕಾರ ಮೂರೂ ಕೂಡಿದ ಮನೆತನ ಅದು. ಆದರೆ ಬರ್ಟ್ ಅವರ ಮನಸ್ಸೆಲ್ಲ ಆಟದ ಮೇಲೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಅವರು ಆಟವನ್ನು ನಡೆಸುವ ಮುಖ್ಯ ಸ್ಥಾನದಲ್ಲಿದ್ದು, 1917ರ ಹೊಸವರ್ಷದ ದಿನ ಪ್ರಸಿದ್ಧ ರೋಸ್ ಬೌಲ್ ಪಂದ್ಯದಲ್ಲೂ ಆಡಿದರು. ಮೊದಲನೆಯ ಮಹಾಯುದ್ಧದಲ್ಲಿ ವೈದ್ಯಕೀಯ ದಳದೊಂದಿಗೆ ಫ್ರಾನ್ಸಿಗೆ ಹೋಗಿ ಬಂದು, 1919ರಲ್ಲಿ ಮತ್ತೆ ಕಾಲೇಜು ತಂಡದ ನಾಯಕರಾದರು.

ಆಮೇಲಿನ ಹತ್ತು ಹನ್ನೆರಡು ವರ್ಷಗಳನ್ನು ಆದರ್ಶವೆಂದು ಹೇಳುವಂತಿಲ್ಲ. ಕಾಲೇಜಿನಲ್ಲಿ ಸಹಾಯಕ ತರಬೇತುದಾರರಾಗಿ ದುಡಿದರಾದರೂ ಕುದುರೆ ಜೂಜು, ಮದ್ಯಪಾನ ಅವರನ್ನು ಹಿಡಿದಿದ್ದವು. 1929ರಲ್ಲಿ ಷೇರುಪೇಟೆ ಕುಸಿದಾಗ ಅವರೂ ಬಹಳ ಹಣ ಕಳೆದುಕೊಂಡರು. ಅವರನ್ನು ದಾರಿಗೆ ತಂದವರು ರಂಗನಟಿ ಫ್ರಾನ್ಸಿಸ್ ಅಪ್ಟನ್. ಆಕೆಗಾಗಿ ಬೆಲ್ ಮದ್ಯವನ್ನು ತ್ಯಜಿಸಿದರು. 1934ರಲ್ಲಿ ಅವರಿಬ್ಬರ ವಿವಾಹವಾಯಿತು.

ಅದಕ್ಕೂ ಮೊದಲೇ, 1933ರಲ್ಲಿ, ಬೆಲ್ ತಮ್ಮ ಹಳೆಯ ಜೊತೆಯಾಟಗಾರ ಲಡ್ ರೇ ಅವರೊಡನೆ ಸೇರಿ ಫಿಲಡೆಲ್ಫಿಯಾ ನಗರಕ್ಕೆ ಲೀಗಿನಲ್ಲಿ ಒಂದು ಸ್ಥಾನವನ್ನು ಪಡೆದಿದ್ದರು. ಕೊಟ್ಟ ಶುಲ್ಕ 2,500 ಡಾಲರ್. ಅದಕ್ಕೂ ಫ್ರಾನ್ಸಿಸ್ ಅವರೇ ಸಾಲ ಕೊಟ್ಟು ನೆರವಾದರು. ಅಂದು ಅಮೆರಿಕ ಭಾರಿ ಆರ್ಥಿಕ ಮುಗ್ಗಟ್ಟಿನಲ್ಲಿತ್ತು. ಅಧ್ಯಕ್ಷ ರೂಸ್‌ವೆಲ್ಟ್ ಅವರ ಪುನಶ್ಚೇತನ ಕಾರ್ಯಕ್ರಮದ ಲಾಂಛನ ನೀಲಿ ಹದ್ದು. ಅದರಿಂದಲೇ ಹೊಸ ತಂಡಕ್ಕೆ ಈಗಲ್ಸ್ ಎಂಬ ಹೆಸರು ಬಂತು.

ಹದ್ದು ಎಂಬ ಹೆಸರಿದ್ದರೂ ತಂಡ ಮೇಲೇರಲಿಲ್ಲ. ಮೊದಲ ಪಂದ್ಯದಲ್ಲೇ ನ್ಯೂಯಾರ್ಕ್ ಜೈಂಟ್ಸ್ ತಂಡದೆದುರು 56-0 ಅಂತರದ ಸೋಲು. 1935ರಲ್ಲಿ ಆಡಿದ 11 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಕಾರಣ ಸ್ಪಷ್ಟವಾಗಿತ್ತು. ಯಾವ ಆಟಗಾರನನ್ನು ಯಾವ ತಂಡ ಬೇಕಾದರೂ ಕರೆಯಬಹುದಾಗಿದ್ದುದರಿಂದ ಒಳ್ಳೆಯವರೆಲ್ಲ ಹಣವಿದ್ದ, ಗೆಲ್ಲುತ್ತಿದ್ದ ತಂಡಗಳತ್ತ ಹೋಗುತ್ತಿದ್ದರು. ಮಿನ್ನೆಸೋಟಾ ವಿಶ್ವವಿದ್ಯಾಲಯದ ಸ್ಟಾನ್ ಕೋಸ್ಟ್ಕಾ ಎಂಬ ಬಲಿಷ್ಠ ಆಟಗಾರನಿಗಾಗಿ ಬೆಲ್ ಬಹಳ ಶ್ರಮಪಟ್ಟರು. ಆತ ಬ್ರೂಕ್ಲಿನ್ ತಂಡದ ಪಾಲಾದ. ಗೆದ್ದವರು ಇನ್ನಷ್ಟು ಗೆಲ್ಲುವುದು, ಸೋತವರು ಇನ್ನಷ್ಟು ಸೋಲುವುದು ಎಂಬ ಈ ಸುಳಿಯಿಂದ ಹೊರಬರುವ ದಾರಿ ಯಾವುದೆಂದು ಅವರು ಯೋಚಿಸತೊಡಗಿದರು.

1935ರ ಮೇ ತಿಂಗಳಲ್ಲಿ ನಡೆದ ಮಾಲೀಕರ ಸಭೆಯಲ್ಲಿ ಬೆಲ್ ತಮ್ಮ ಸೂಚನೆಯನ್ನು ಮುಂದಿಟ್ಟರು. ಕಾಲೇಜು ಮುಗಿಸಿದ ಆಟಗಾರರ ಪಟ್ಟಿ ಮಾಡೋಣ, ಕೊನೆಯಲ್ಲಿರುವ ತಂಡ ಮೊದಲು ಆರಿಸಲಿ, ಹಾಗೆಯೇ ಮೇಲಕ್ಕೆ ಹೋಗೋಣ, ಒಂದು ತಂಡ ಆರಿಸಿದವನನ್ನು ಇನ್ನೊಂದು ತಂಡ ಕರೆಯಬಾರದು ಎಂಬುದೇ ಅದರ ಸಾರ. ಸರಪಳಿ ಎಷ್ಟು ಉದ್ದವಿದ್ದರೂ ಅದರ ಬಲ ಅತ್ಯಂತ ದುರ್ಬಲ ಕೊಂಡಿಯಷ್ಟೇ ಎಂಬ ಮಾತಿನ ತಿರುಳನ್ನು ಅವರು ಸಹಮಾಲೀಕರಿಗೆ ಮನಗಾಣಿಸಿದರು. ಇದರಿಂದ ನಷ್ಟವಾಗುವುದು ಶಿಕಾಗೋ ಬೇರ್ಸ್ ತಂಡದ ಜಾರ್ಜ್ ಹ್ಯಾಲಸ್, ನ್ಯೂಯಾರ್ಕಿನ ಟಿಮ್ ಮಾರಾ ಅವರಂಥ ಬಲಿಷ್ಠ ತಂಡಗಳ ಒಡೆಯರಿಗೆ. ಆದರೂ ಅವರು ಒಪ್ಪಿದರು. ಸೂಚನೆಗೆ ಎಲ್ಲರ ಸಮ್ಮತಿ ದೊರೆಯಿತು. ಬೆಲ್ ಅವರನ್ನು ಹೊಗಳುವಾಗ ಈ ಇಬ್ಬರನ್ನು ಮರೆಯಬಾರದು. ಇರುವವನು ಒಂದು ಹೆಜ್ಜೆ ಹಿಂದೆ ಸರಿಯದೆ ಇಲ್ಲದವನಿಗೆ ಜಾಗ ಸಿಗುವುದಿಲ್ಲ.

1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ರಿಟ್ಜ್-ಕಾರ್ಲ್‌ಟನ್ ಹೋಟೆಲಿನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಒಂಬತ್ತು ತಂಡಗಳು, ಒಂಬತ್ತು ಸುತ್ತುಗಳು, ಆರಿಸಿದ್ದು 81 ಮಂದಿಯನ್ನು. ಅತ್ಯಂತ ಕೆಳಗಿದ್ದ ಈಗಲ್ಸ್ ತಂಡಕ್ಕೇ ಮೊದಲ ಸರದಿ. ಬೆಲ್ ಆರಿಸಿದ್ದು ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್ ಅವರನ್ನು. ಮುಂದೆ ಹೈಸ್‌ಮನ್ ಟ್ರೋಫಿ ಎಂದು ಹೆಸರಾದ ಶ್ರೇಷ್ಠ ಕಾಲೇಜು ಆಟಗಾರರ ಬಹುಮಾನವನ್ನು ಮೊಟ್ಟಮೊದಲು ಗೆದ್ದವರು ಅವರು. ಆದರೆ ಬರ್ವಾಂಗರ್ ಕೇಳಿದ ಸಂಬಳ ಬೆಲ್ ಅವರ ಕೈಗೆ ಎಟುಕಲಿಲ್ಲ. ಹಕ್ಕು ಹ್ಯಾಲಸ್ ಅವರಿಗೆ ಹೋಯಿತು, ಅಲ್ಲೂ ಒಪ್ಪಂದವಾಗಲಿಲ್ಲ. ಡ್ರಾಫ್ಟಿನಲ್ಲಿ ಮೊಟ್ಟಮೊದಲು ಆಯ್ಕೆಯಾದ ಆಟಗಾರ ಕೊನೆಗೂ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡದೆ ವ್ಯಾಪಾರಕ್ಕೆ ಹೋದರು. ಆ ವರ್ಷ ಈಗಲ್ಸ್ 12 ಪಂದ್ಯಗಳಲ್ಲಿ 11ನ್ನು ಸೋತಿತು.

ಆಗ ಬೆಲ್ ತಂಡದ ಏಕೈಕ ಒಡೆಯರಾಗಿದ್ದರು, ತರಬೇತುದಾರರೂ ಅವರೇ. ಟಿಕೆಟ್ ಮಾರುವ, ಪ್ರಚಾರ ಮಾಡುವ ಕೆಲಸಕ್ಕೂ ಅವರೇ ಇಳಿಯುತ್ತಿದ್ದರು. 1936ರಿಂದ 1940ರವರೆಗಿನ ಐದು ವರ್ಷಗಳಲ್ಲಿ ಅವರ ತಂಡ ಗೆದ್ದದ್ದು 10 ಪಂದ್ಯ, ಸೋತದ್ದು 44. ಆ ಮೇಲೆ ಆರ್ಟ್ ರೂನಿ ಅವರೊಡನೆ ಪಾಲುದಾರರಾಗಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ ಬಂದರು. ಅಲ್ಲಿಯೂ ಭಾಗ್ಯ ಒಲಿಯಲಿಲ್ಲ.

ಇಷ್ಟು ಸೋತ ಮನುಷ್ಯನನ್ನೇ 1946ರ ಜನವರಿಯಲ್ಲಿ ಮಾಲೀಕರು ಲೀಗಿನ ಮುಖ್ಯಾಧಿಕಾರಿಯನ್ನಾಗಿ ಆರಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ, ಅಂತಿಮ ಪಂದ್ಯಕ್ಕೆ ಮುನ್ನ, ಜೂಜುಕೋರರು ಇಬ್ಬರು ಆಟಗಾರರಿಗೆ ಲಂಚದ ಆಸೆ ತೋರಿಸಿದ ಸಂಗತಿ ಬಯಲಾಯಿತು. ತಿಳಿಸಬೇಕಾದುದನ್ನು ತಿಳಿಸಲಿಲ್ಲವೆಂದು ಬೆಲ್ ಆ ಇಬ್ಬರನ್ನೂ ಶಿಕ್ಷಿಸಿದರು. ಯೌವನದಲ್ಲಿ ಜೂಜಾಡಿ ಅದರ ಕೇಡನ್ನು ಬಲ್ಲವರೇ ಆಟಕ್ಕೆ ಕಾವಲು ನಿಂತರು. ಪಂದ್ಯಗಳ ವೇಳಾಪಟ್ಟಿಯನ್ನು ಮನೆಯ ಊಟದ ಮೇಜಿನ ಮೇಲೆ ಡಾಮಿನೋ ಬಿಲ್ಲೆಗಳನ್ನು ಜೋಡಿಸಿ ತಾವೇ ಸಿದ್ಧಪಡಿಸುತ್ತಿದ್ದರು. ಋತುವಿನ ಆರಂಭದಲ್ಲಿ ಬಲಿಷ್ಠರಿಗೆ ಬಲಿಷ್ಠರನ್ನೂ, ದುರ್ಬಲರಿಗೆ ದುರ್ಬಲರನ್ನೂ ಎದುರಾಗಿಸಿ, ಯಾವ ಊರಿನ ಜನರಿಗೂ ಬೇಗನೆ ಆಸೆ ಕಮರದಂತೆ ನೋಡಿಕೊಳ್ಳುತ್ತಿದ್ದರು.

ಈಗ ನಮ್ಮ ಅಭಿಪ್ರಾಯಕ್ಕೆ ಬರೋಣ. ಡ್ರಾಫ್ಟ್ ನ್ಯಾಯವಾದ ಪದ್ಧತಿಯೇ? ತಂಡ ತಂಡಗಳ ನಡುವೆ ನ್ಯಾಯವೇ ಸರಿ. ಆದರೆ ಆರಿಸಲ್ಪಡುವ ಆಟಗಾರನ ಪಾಲಿಗೆ? ಯಾವ ಊರಿನಲ್ಲಿ ಆಡಬೇಕು, ಯಾರ ಕೆಳಗೆ ದುಡಿಯಬೇಕು ಎಂಬುದು ಅವನ ಕೈಯಲ್ಲಿರಲಿಲ್ಲ. ಕೊಳ್ಳುವವನು ಒಬ್ಬನೇ ಆದಾಗ ಅವನ ಸಂಬಳವೂ ಇಳಿಯುತ್ತಿತ್ತು. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿತ್ತು. 1934ರಿಂದ 1945ರವರೆಗೆ ಲೀಗಿನಲ್ಲಿ ಒಬ್ಬ ಕಪ್ಪು ಜನಾಂಗದ ಆಟಗಾರನೂ ಇರಲಿಲ್ಲ. ಡ್ರಾಫ್ಟಿನಲ್ಲಿ ಮೊದಲ ಬಾರಿಗೆ ಅಂಥ ಆಟಗಾರನ ಹೆಸರು ಬಂದದ್ದು 1949ರಲ್ಲಿ. ಅವರು ಜಾರ್ಜ್ ಟಾಲಿಯಫೆರೋ. ಕೊನೆಯ ತಂಡಕ್ಕೆ ಮೊದಲ ಸರದಿ ಕೊಟ್ಟ ಮಾಲೀಕರು ಪಟ್ಟಿಯಿಂದಲೇ ಹೊರಗುಳಿದವರನ್ನು ಇಷ್ಟು ವರ್ಷ ನೋಡಲಿಲ್ಲ. ಆ ಮಾಲೀಕರಲ್ಲಿ ಬೆಲ್ ಕೂಡ ಒಬ್ಬರು. ದೊಡ್ಡವರ ಜೀವನವನ್ನು ಓದುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ.

ಬೆಲ್ ಅವರ ಪರವಾಗಿ ಒಂದು ಮಾತನ್ನು ಹೇಳಲೇಬೇಕು. 1957ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹಾಜರಾದಾಗ ಅವರು ಡ್ರಾಫ್ಟನ್ನು ಸಮರ್ಥಿಸಿದರು. ಅದರೊಂದಿಗೆ, ಹಲವು ಮಾಲೀಕರಿಗೆ ಹಿಡಿಸದಿದ್ದರೂ, ಆಟಗಾರರ ಸಂಘವನ್ನು ಮಾನ್ಯ ಮಾಡಿದರು. ಆ ಸಂಘ ಮುಂದೆ ಬಲಗೊಂಡಿತು. ಸ್ಮಿತ್ ಎಂಬ ಆಟಗಾರ ಹೂಡಿದ ಮೊಕದ್ದಮೆಯಲ್ಲಿ, ಅಂದು ನಡೆಯುತ್ತಿದ್ದ ರೀತಿಯ ಡ್ರಾಫ್ಟ್ ಕಾನೂನಿಗೆ ವಿರುದ್ಧವೆಂದು 1976ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. 1977ರಿಂದ ಸಂಘದ ಒಪ್ಪಿಗೆಯೊಡನೆ ಡ್ರಾಫ್ಟ್ ನಡೆಯತೊಡಗಿತು. ಸುತ್ತುಗಳು 12ಕ್ಕೆ ಇಳಿದವು, 1994ರಿಂದ ಏಳಕ್ಕೆ. ಆರಿಸುವವರ ಜೊತೆಗೆ ಆರಿಸಲ್ಪಡುವವರೂ ಕುಳಿತು ಮಾಡಿದ ನಿಯಮವೇ ಗಟ್ಟಿಯಾದದ್ದು.

ನಮ್ಮ ಎರಡನೆಯ ಅಭಿಪ್ರಾಯ ಇದು: ಸರದಿ ಸಿಕ್ಕರೆ ಸಾಲದು, ಅದನ್ನು ಬಳಸುವ ವಿವೇಕ ಬೇಕು. ಬೆಲ್ ಅವರ ಎರಡನೆಯ ತಂಡವಾದ ಸ್ಟೀಲರ್ಸ್ 1969ರಲ್ಲಿ 14 ಪಂದ್ಯಗಳಲ್ಲಿ 13ನ್ನು ಸೋತಿತ್ತು. 1970ರಲ್ಲಿ ಮೊದಲ ಸರದಿ ಪಡೆದು ಟೆರ್ರಿ ಬ್ರಾಡ್‌ಶಾ ಅವರನ್ನು ಆರಿಸಿತು. 1974ರ ಡ್ರಾಫ್ಟಿನಲ್ಲಿ ಆರಿಸಿದವರಲ್ಲಿ ನಾಲ್ವರು ಮುಂದೆ ಕ್ರೀಡಾ ಕೀರ್ತಿಮಂದಿರವನ್ನು ಸೇರಿದರು. ಹೀಗೆ ತಾಳ್ಮೆಯಿಂದ ಕಟ್ಟಿದ ತಂಡ 1975ರಿಂದ 1980ರೊಳಗೆ ನಾಲ್ಕು ಬಾರಿ ಸೂಪರ್ ಬೌಲ್ ಪ್ರಶಸ್ತಿಯನ್ನು ಗೆದ್ದಿತು. ಇನ್ನೊಂದು ಉದಾಹರಣೆ 2000ದ ಡ್ರಾಫ್ಟಿನದು. ಟಾಮ್ ಬ್ರೇಡಿ ಎಂಬವರ ಹೆಸರನ್ನು ಕರೆದದ್ದು 198 ಮಂದಿ ಹೋದ ಮೇಲೆ. ಅವರು ಏಳು ಬಾರಿ ಸೂಪರ್ ಬೌಲ್ ಗೆದ್ದು ನಿವೃತ್ತರಾದರು. ಯಾರ ಹೆಸರನ್ನು ತಡವಾಗಿ ಕರೆದರು ಎಂಬುದರಿಂದ ಯಾರ ಯೋಗ್ಯತೆಯೂ ತೀರ್ಮಾನವಾಗುವುದಿಲ್ಲ. ಪರೀಕ್ಷೆಯ ಫಲಿತಾಂಶದ ದಿನ ಈ ಮಾತನ್ನು ಮಕ್ಕಳೂ ಪೋಷಕರೂ ನೆನಪಿಡುವುದು ಒಳ್ಳೆಯದು.

1959ರ ಅಕ್ಟೋಬರ್ 11, ಭಾನುವಾರ. ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಫೀಲ್ಡ್ ಕ್ರೀಡಾಂಗಣದಲ್ಲಿ ಈಗಲ್ಸ್ ಮತ್ತು ಸ್ಟೀಲರ್ಸ್ ತಂಡಗಳ ಪಂದ್ಯ ನಡೆಯುತ್ತಿತ್ತು. ಅದು ಬೆಲ್ ಅವರು ವಿದ್ಯಾರ್ಥಿಯಾಗಿ ಆಡಿದ ಬಯಲು. ಆಡುತ್ತಿದ್ದ ಎರಡೂ ತಂಡಗಳು ಅವರು ಕಷ್ಟಕಾಲದಲ್ಲಿ ಸಾಕಿದ ತಂಡಗಳು. ಸಾಮಾನ್ಯ ಪ್ರೇಕ್ಷಕರ ನಡುವೆ ಕುಳಿತು ನೋಡುತ್ತಿದ್ದ ಅವರು, ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಹೃದಯಾಘಾತಕ್ಕೊಳಗಾಗಿ ಕೊನೆಯುಸಿರೆಳೆದರು. ಅವರಿಗೆ ಆಗ 64 ವರ್ಷ. ಮರುವರ್ಷ, 1960ರ ಡಿಸೆಂಬರಿನಲ್ಲಿ, ಅದೇ ಬಯಲಿನಲ್ಲಿ ಈಗಲ್ಸ್ ಲೀಗಿನ ಪ್ರಶಸ್ತಿಯನ್ನು ಗೆದ್ದಿತು. 1963ರಲ್ಲಿ ಒಹಾಯೋ ರಾಜ್ಯದ ಕ್ಯಾಂಟನ್ ಎಂಬಲ್ಲಿ ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರ ತೆರೆದಾಗ ಗೌರವ ಪಡೆದ ಮೊದಲ 17 ಮಂದಿಯಲ್ಲಿ ಬೆಲ್ ಒಬ್ಬರು.

ತರಬೇತುದಾರರಾಗಿ ಬೆಲ್ ಅವರ ಲೆಕ್ಕದಲ್ಲಿ ಉಳಿದದ್ದು ಸೋಲೇ. ಆದರೆ ಆ ಸೋಲಿನಿಂದ ಅವರು ತಮ್ಮೊಬ್ಬರಿಗೆ ಬೇಕಾದ ಉಪಾಯವನ್ನಷ್ಟೇ ಹುಡುಕಲಿಲ್ಲ. ಮುಂದೆ ಸೋಲುವ ಎಲ್ಲರಿಗೂ ಎದ್ದು ನಿಲ್ಲುವ ಒಂದು ದಾರಿಯನ್ನು ಬಿಟ್ಟುಹೋದರು. ಇಂದು ಆ ಲೀಗಿನಲ್ಲಿ 32 ತಂಡಗಳಿವೆ. ಕೊನೆಯಲ್ಲಿ ನಿಂತ ತಂಡದ ಊರಿನ ಜನರೂ ಮುಂದಿನ ವರ್ಷಕ್ಕಾಗಿ ಆಸೆಯಿಂದ ಕಾಯುತ್ತಾರೆ.