ಕಾಲ್ಚೆಂಡಿನ ಕಲಾವಿದ ಮಥಿಯಾಸ್ ಸಿಂಡೆಲಾರ್

ಕಂಪ್ಲಿಯ ಕುಮಾರರಾಮನ ಕಥೆಯನ್ನು ಕೇಳದವರು ನಮ್ಮ ಹೊಸಪೇಟೆ ಸಂಡೂರು ಸೀಮೆಗಳಲ್ಲಿ ವಿರಳ. ಆ ರಾಜಕುಮಾರನು ಚೆಂಡಾಟದಲ್ಲಿ ತೊಡಗಿರಲು, ಚೆಂಡು ಮಲತಾಯಿಯ ಅರಮನೆಯೊಳಗೆ ಹೋಗಿ ಬಿದ್ದುದೇ ಅವನ ಆಪತ್ತಿಗೆ ಮೊದಲಾಯಿತೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. 1327ರಲ್ಲಿ ದೆಹಲಿಯ ಸೈನ್ಯವು ಕಂಪಿಲಿಯ ಚಿಕ್ಕ ರಾಜ್ಯವನ್ನು ನುಂಗಿತು. ರಾಜ್ಯವು ಅಳಿಯಿತು, ಆದರೆ ರಾಮನು ಜನರ ನಾಲಗೆಯ ಮೇಲೆ ಉಳಿದನು. ಗೆದ್ದವನ ಹೆಸರನ್ನು ಬಖೈರುಗಳು ಕಾಪಾಡುವವು. ಸೋತವನ ಹೆಸರನ್ನು ಜನರೇ ಕಾಪಾಡಬೇಕು. ಅಂತೆಯೇ ಅವರು ಅದರ ಸುತ್ತಲೂ ತಮ್ಮ ಆಸೆಗಳನ್ನೂ ಹೆಣೆದುಬಿಡುತ್ತಾರೆ.

ಯುರೋಪ ಖಂಡದಲ್ಲಿಯೂ ಇಂಥ ಒಬ್ಬ ಚೆಂಡಾಟಗಾರನಿದ್ದನು. ಆತನು ರಾಜಪುತ್ರನಲ್ಲ, ಕೂಲಿಕಾರರ ಕೇರಿಯಲ್ಲಿ ಬೆಳೆದ ಬಡವನ ಮಗ. ಆತನ ದೇಶವೂ ತನ್ನ ನೆರೆಯ ಬಲಿಷ್ಠ ರಾಜ್ಯದ ಬಾಯಿಗೆ ಬಿದ್ದಿತು. ಆಸ್ಟ್ರಿಯಾ ದೇಶದ ಆ ಮುಂಚೂಣಿಯ ಆಟಗಾರ ಮಥಿಯಾಸ್ ಸಿಂಡೆಲಾರನ ಜೀವನವು ಕೇವಲ ಆಟದ ಚರಿತ್ರೆಯಲ್ಲವಾದುದರಿಂದ ವಾಚಕರ ಮುಂದೆ ಇಡುತ್ತಿದ್ದೇವೆ.

ಸಿಂಡೆಲಾರನು 1903ನೆಯ ಫೆಬ್ರುವರಿ 10ರಂದು ಮೊರಾವಿಯಾ ಪ್ರಾಂತದ ಕೊಝ್ಲೋವ್ ಎಂಬ ಹಳ್ಳಿಯಲ್ಲಿ ಜನಿಸಿದನು. ಆಗ ಆ ಪ್ರಾಂತವು ಹ್ಯಾಬ್ಸ್‌ಬರ್ಗ್ ಮನೆತನದ ವಿಶಾಲ ಸಾಮ್ರಾಜ್ಯಕ್ಕೆ ಸೇರಿದ್ದಿತು. ಹೊಟ್ಟೆಯ ಪಾಡಿಗಾಗಿ ಆತನ ತಂದೆತಾಯಿಗಳು ರಾಜಧಾನಿಯಾದ ವಿಯೆನ್ನಾ ನಗರಕ್ಕೆ ಬಂದು, ಇಟ್ಟಿಗೆಯ ಭಟ್ಟಿಗಳಿಗೆ ಹೆಸರಾದ ಫಾವೊರಿಟೆನ್ ಎಂಬ ಕೇರಿಯಲ್ಲಿ ನೆಲೆಸಿದರು. ಮೊದಲನೆಯ ಮಹಾಯುದ್ಧವು ಬಂದಿತು. 1917ರಲ್ಲಿ ತಂದೆಯು ಇಟಲಿಯ ರಣರಂಗದಲ್ಲಿ ಮಡಿದನು. ತಾಯಿಯು ಪರರ ಬಟ್ಟೆಗಳನ್ನು ಒಗೆದು ಮಕ್ಕಳನ್ನು ಸಾಕಿದಳು. ಹುಡುಗನು ಬೀಗದ ಕೆಲಸವನ್ನು ಕಲಿಯತೊಡಗಿದನು. ಹಗಲುಳಿದ ಹೊತ್ತಿನಲ್ಲಿ ಬೀದಿಗಳಲ್ಲಿಯೂ ಬಯಲುಗಳಲ್ಲಿಯೂ ಚೆಂಡನ್ನು ಒದೆಯುತ್ತಿದ್ದನು. 1918ರಲ್ಲಿ, ಹದಿನೈದನೆಯ ವಯಸ್ಸಿಗೆ, ತನ್ನ ಕೇರಿಯದೇ ಆದ ಹೆರ್ತಾ ತಂಡವನ್ನು ಸೇರಿದನು.

ಅದೇ ವರ್ಷದಲ್ಲಿ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯವು ಮುರಿದುಬಿದ್ದಿತು. ಹಂಪೆಯ ಬಜಾರಿನಲ್ಲಿ ನಿಂತು ನೋಡಿದವರಿಗೆ, ಸಾಮ್ರಾಜ್ಯವನ್ನು ಕಳೆದುಕೊಂಡ ರಾಜಧಾನಿ ಎಂದರೇನೆಂದು ವಿವರಿಸಬೇಕಾಗಿಲ್ಲ. 1565ರ ತರುವಾಯ ವಿಜಯನಗರವು ಹಾಳುಬಿದ್ದಿತು; 1918ರ ತರುವಾಯ ವಿಯೆನ್ನಾ ಹಾಳಾಗಲಿಲ್ಲವಾದರೂ ಬಡವಾಯಿತು. ದೊಡ್ಡ ತಲೆಯೂ ಚಿಕ್ಕ ಮೈಯೂ ಉಳ್ಳ ದೇಶವೆಂದು ಆಸ್ಟ್ರಿಯಾವನ್ನು ನೆರೆಯವರು ಹಾಸ್ಯಮಾಡುತ್ತಿದ್ದರು. ಸೈನ್ಯಬಲ ಕುಗ್ಗಿತು, ಭೂಮಿ ಹೋಯಿತು. ಇಂತಹ ದೇಶವು ತನ್ನ ಮರ್ಯಾದೆಯನ್ನು ಸಂಗೀತದಲ್ಲಿ, ನಾಟಕದಲ್ಲಿ, ಕಡೆಗೆ ಕಾಲ್ಚೆಂಡಿನ ಆಟದಲ್ಲಿ ಹುಡುಕಿಕೊಂಡಿತು. 1924ರಲ್ಲಿ ಅಲ್ಲಿ ಸಂಬಳದ ಆಟಗಾರರ ಪಂದ್ಯಾವಳಿಯು ಆರಂಭವಾಯಿತು. ಬ್ರಿಟಿಷ್ ದ್ವೀಪಗಳ ಹೊರಗೆ ಯುರೋಪಿನಲ್ಲಿ ಅದೇ ಮೊದಲನೆಯದು.

ಅದೇ 1924ರಲ್ಲಿ ಸಿಂಡೆಲಾರನು ಅಮಾಟ್ಯೂರೆ ಎಂಬ ತಂಡವನ್ನು ಸೇರಿದನು. 1926ರಲ್ಲಿ ಅದಕ್ಕೆ ಆಸ್ಟ್ರಿಯಾ ವಿಯೆನ್ನಾ ಎಂದು ಹೊಸ ಹೆಸರಾಯಿತು. ಇದಕ್ಕೆ ಮುಂಚೆ ಆತನ ಮೊಣಕಾಲಿಗೆ ದೊಡ್ಡ ಗಾಯವಾಗಿ, ಆಟವೇ ಮುಗಿಯಿತೆನ್ನುವಂತಾಗಿತ್ತು. ಶಸ್ತ್ರಚಿಕಿತ್ಸೆಯಿಂದ ಕಾಲು ಉಳಿಯಿತು. ಆದರೆ ಅಂದಿನಿಂದ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡೇ ಆತನು ಆಡಿದನು. ಮೈಕಟ್ಟು ತೀರ ಸಪೂರ. ಮೈಗೆ ಮೈ ತಾಗಿಸಿ ನುಗ್ಗುವ ಆಟವು ಆತನಿಗೆ ಒಗ್ಗಲಿಲ್ಲ. ಒಗ್ಗದುದೇ ಒಳ್ಳೆಯದಾಯಿತು. ಎದುರಾಳಿಯು ಬಂದು ತಾಕುವುದಕ್ಕೆ ಒಂದು ಕ್ಷಣ ಮೊದಲೇ ಚೆಂಡನ್ನು ಜಾರಿಸಿ, ತಾನೂ ಜಾರಿಹೋಗುವುದನ್ನು ಆತನು ಸಾಧಿಸಿದನು. ಗಾಳಿಗೆ ತೇಲುವ ಕಾಗದದಂತೆ ಸುಳಿಯುವನೆಂದು ಜನರು ಆತನನ್ನು ಕಾಗದದವನೆಂದೇ ಕರೆದರು. ಮಧ್ಯದ ಮುನ್ನುಗ್ಗಾಳು ಗೋಲಿನೆದುರು ನಿಂತು ಚೆಂಡಿಗಾಗಿ ಕಾಯುವುದು ಅಂದಿನ ವಾಡಿಕೆ. ಸಿಂಡೆಲಾರನಾದರೋ ಹಿಂದಕ್ಕೆ ಸರಿದುಬಂದು, ತನ್ನನ್ನು ಕಾಯುವವನನ್ನೂ ಜೊತೆಗೆ ಎಳೆದುತಂದು, ತೆರವಾದ ಆ ಜಾಗಕ್ಕೆ ಸಂಗಡಿಗರನ್ನು ನುಗ್ಗಿಸುತ್ತಿದ್ದನು. ಬಲದ ಆಟವು ಬುದ್ಧಿಯ ಆಟವಾಯಿತು.

ರಾಷ್ಟ್ರೀಯ ತಂಡದಲ್ಲಿ ಆತನು ಮೊದಲು ಆಡಿದುದು 1926ರಲ್ಲಿ, ಚೆಕೊಸ್ಲೊವಾಕಿಯಾದ ವಿರುದ್ಧ. ತಂಡದ ಸೂತ್ರಧಾರನು ಹ್ಯೂಗೋ ಮೈಸ್ಲ್ ಎಂಬ ಯಹೂದಿ ಮನೆತನದ ಮೇಧಾವಿ. ನೆಲದ ಮೇಲೆಯೇ ಚೆಂಡನ್ನು ಕಿರಿದಾಗಿ ಒಬ್ಬರಿಂದೊಬ್ಬರಿಗೆ ಸಾಗಿಸುವ ಸ್ಕಾಟರ ಪದ್ಧತಿಯನ್ನು ಆಂಗ್ಲ ಶಿಕ್ಷಕನಾದ ಜಿಮ್ಮಿ ಹೋಗನನಿಂದ ಅವನು ತರಿಸಿಕೊಂಡಿದ್ದನು. ಆದರೂ 1929ರಲ್ಲಿ ನ್ಯೂರೆಂಬರ್ಗಿನ ಹಿಮದ ಬಯಲಿನಲ್ಲಿ ತಂಡವು ಸೋತಾಗ, ಈ ನಾಜೂಕಿನ ಆಟವೇ ಸೋಲಿಗೆ ಕಾರಣವೆಂದು ಮೈಸ್ಲನು ಸಿಂಡೆಲಾರನನ್ನು ಎರಡು ವರ್ಷಗಳಷ್ಟು ಕಾಲ ಹೊರಗಿಟ್ಟನು. ವಿಯೆನ್ನಾದ ಕಾಫಿಗೃಹಗಳಲ್ಲಿ ಪತ್ರಕರ್ತರೂ ರಸಿಕರೂ ಆತನನ್ನು ಮುತ್ತಿ ವಾದಿಸಿದರಂತೆ. ಕೊನೆಗೆ 1931ರ ಮೇ 16ರಂದು ಸ್ಕಾಟ್ಲೆಂಡಿನ ವಿರುದ್ಧದ ಪಂದ್ಯಕ್ಕೆ ಸಿಂಡೆಲಾರನು ಮರಳಿ ಬಂದನು. ಆಸ್ಟ್ರಿಯಾ 5-0 ಯಿಂದ ಗೆದ್ದಿತು. ಗುರುವಿನ ಮನೆಯವರೇ ಶಿಷ್ಯನ ಕೈಯಲ್ಲಿ ಸೋತಂತಾಯಿತು. ಎಂಟು ದಿನಗಳ ತರುವಾಯ ಬರ್ಲಿನ್ನಿನಲ್ಲಿ ಜರ್ಮನಿಯ ಮೇಲೆ 6-0, ಸೆಪ್ಟೆಂಬರಿನಲ್ಲಿ ವಿಯೆನ್ನಾದಲ್ಲಿ ಅದೇ ಜರ್ಮನಿಯ ಮೇಲೆ 5-0. 1932ರಲ್ಲಿ ಹಂಗೆರಿಯನ್ನು 8-2 ರಿಂದ ಸೋಲಿಸಿದಾಗ ಸಿಂಡೆಲಾರನೊಬ್ಬನೇ ಮೂರು ಗೋಲುಗಳನ್ನು ಹೊಡೆದನು. ಅದ್ಭುತ ತಂಡವೆಂಬ ಬಿರುದು ಅದಕ್ಕೆ ಬಂದಿತು. ಹದಿನಾಲ್ಕು ಪಂದ್ಯಗಳವರೆಗೆ ಸೋಲರಿಯದ ಆ ತಂಡವು 1932ರ ಡಿಸೆಂಬರ್ 7ರಂದು ಲಂಡನ್ನಿನಲ್ಲಿ ಇಂಗ್ಲೆಂಡಿಗೆ 3-4 ರಿಂದ ಸೋತಿತಾದರೂ, ಸೋತವರ ಆಟವನ್ನೇ ನೋಡುಗರು ಹೆಚ್ಚಾಗಿ ಹೊಗಳಿದರು.

1933ರಲ್ಲಿ ಮಧ್ಯ ಯುರೋಪಿನ ಮಿತ್ರೋಪಾ ಕಪ್ಪಿನ ಅಂತಿಮ ಹೋರಾಟದಲ್ಲಿ ಮಿಲಾನಿನ ತಂಡದ ವಿರುದ್ಧ ವಿಯೆನ್ನಾದಲ್ಲಿ ಆಸ್ಟ್ರಿಯಾ ವಿಯೆನ್ನಾ ಹೊಡೆದ ಮೂರು ಗೋಲುಗಳೂ ಸಿಂಡೆಲಾರನವೇ. 1936ರಲ್ಲಿ ಆ ಕಪ್ಪು ಮತ್ತೊಮ್ಮೆ ಬಂದಿತು. ಆದರೆ 1934ರ ವಿಶ್ವಕಪ್ಪು ಮಾತ್ರ ಕೈತಪ್ಪಿತು. ಮಿಲಾನಿನ ಕೆಸರಿನಲ್ಲಿ, ಮುಸೊಲೀನಿಯ ಇಟಲಿಯೆದುರು, ಉಪಾಂತ್ಯದಲ್ಲಿ ಆಸ್ಟ್ರಿಯಾ ಒಂದೇ ಗೋಲಿನಿಂದ ಸೋತಿತು. ಒದ್ದೆ ನೆಲದಲ್ಲಿ ಕಾಗದವು ಹಾರಲಾರದು. 1937ರಲ್ಲಿ ಮೈಸ್ಲನೂ ತೀರಿಕೊಂಡನು.

1938ರ ಮಾರ್ಚಿ 12ರಂದು ಹಿಟ್ಲರನ ಸೈನ್ಯವು ಆಸ್ಟ್ರಿಯಾವನ್ನು ಪ್ರವೇಶಿಸಿತು. ದೇಶದ ಹೆಸರೇ ಭೂಪಟದಿಂದ ಅಳಿಯಿತು. ಆ ವರ್ಷದ ವಿಶ್ವಕಪ್ಪಿಗೆ ಅರ್ಹತೆ ಪಡೆದಿದ್ದ ತಂಡವು ಜರ್ಮನಿಯ ತಂಡದಲ್ಲಿ ಲೀನವಾಗಬೇಕಾಯಿತು. ಈ ನುಂಗುವಿಕೆಗೆ ಜನಮತದ ಮುದ್ರೆಯೊತ್ತಲು ಏಪ್ರಿಲ್ 10ನ್ನು ಗೊತ್ತುಮಾಡಿ, ಅದಕ್ಕೆ ಮುಂಚೆ ಏಪ್ರಿಲ್ 3ರಂದು ವಿಯೆನ್ನಾದಲ್ಲಿ ಎರಡು ತಂಡಗಳಿಗೂ ಸ್ನೇಹದ ಪಂದ್ಯವೊಂದನ್ನು ಏರ್ಪಡಿಸಿದರು. ಮೊದಲರ್ಧದಲ್ಲಿ ಗೋಲಿಲ್ಲ. ಸಿಂಡೆಲಾರನು ಸುಲಭದ ಅವಕಾಶಗಳನ್ನು ಬೇಕೆಂತಲೇ ಅಣಕಿಸುವಂತೆ ಬಿಟ್ಟನೆಂದೂ, ತರುವಾಯ ಗೋಲು ಹೊಡೆದು ನಾಜಿ ಅಧಿಕಾರಿಗಳ ಮುಂದೆ ಕುಣಿದನೆಂದೂ ಜನರು ಹೇಳುವರು. ಇದರಲ್ಲಿ ನಡೆದುದೆಷ್ಟು, ಹೆಣೆದುದೆಷ್ಟು ಎಂಬುದರಲ್ಲಿ ಚರಿತ್ರಕಾರರಿಗೆ ಏಕಾಭಿಪ್ರಾಯವಿಲ್ಲ. ನಿಶ್ಚಯವಾದುದಿಷ್ಟು: ಸಿಂಡೆಲಾರನು ಒಂದು ಗೋಲನ್ನೂ, ಆತನ ಸಂಗಡಿಗ ಸೆಸ್ತಾ ಇನ್ನೊಂದನ್ನೂ ಹೊಡೆದರು, ಅಳಿದುಹೋದ ದೇಶವು ನುಂಗಿದ ದೇಶವನ್ನು 2-0 ಯಿಂದ ಸೋಲಿಸಿತು. ಜರ್ಮನಿಯ ತಂಡಕ್ಕೆ ಆಡಬೇಕೆಂಬ ಕರೆಗಳು ಬಂದಾಗ, ವಯಸ್ಸನ್ನೂ ಮೊಣಕಾಲನ್ನೂ ಮುಂದೆಮಾಡಿ ಆತನು ಹೋಗಲಿಲ್ಲ. ಆತನಿಲ್ಲದ ಆ ತಂಡವು ವಿಶ್ವಕಪ್ಪಿನ ಮೊದಲ ಸುತ್ತಿನಲ್ಲಿಯೇ ಸ್ವಿಟ್ಜರ್ಲೆಂಡಿಗೆ ಸೋತು ಮನೆಗೆ ಬಂದಿತು.

ಇಲ್ಲಿಯೇ ಕಥೆಯನ್ನು ನಿಲ್ಲಿಸಿದರೆ ಕೇಳುವವರಿಗೆ ಹಿತವಾದೀತು. ಆದರೆ ಸತ್ಯಕ್ಕೆ ಅಪಚಾರವಾದೀತು. 1938ರ ಆಗಸ್ಟಿನಲ್ಲಿ ಸಿಂಡೆಲಾರನು ತನ್ನ ಕೇರಿಯಲ್ಲಿ ಒಂದು ಕಾಫಿಗೃಹವನ್ನು ಕೊಂಡನು. ಅದರ ಒಡೆಯನು ಯಹೂದಿ. ಯಹೂದ್ಯರ ಸ್ವತ್ತನ್ನು ಹೊಸ ಆಡಳಿತವು ಬಲಾತ್ಕಾರದಿಂದ ಮಾರಿಸುತ್ತಿದ್ದ ಕಾಲವದು. ಆತನು ತಕ್ಕ ಬೆಲೆಯನ್ನೇ ಕೊಟ್ಟನೆಂದು ಅಭಿಮಾನಿಗಳು ವಾದಿಸುವರು. ಆದರೆ ಮಾರುವವನಿಗೆ ಮಾರದಿರುವ ಸ್ವಾತಂತ್ರ್ಯವಿಲ್ಲದಲ್ಲಿ ತಕ್ಕ ಬೆಲೆಯೆಂಬುದು ಎಲ್ಲಿಯದು? ಆ ಒಡೆಯನು ಮುಂದೆ ತೆರೇಸಿಯನ್‌ಸ್ಟಾಟಿನ ಸೆರೆಶಿಬಿರದಲ್ಲಿ ಮಡಿದನು. ತನ್ನ ತಂಡದ ಯಹೂದಿ ಅಧ್ಯಕ್ಷನೊಡನೆ ಮಾತು ಬಿಡಬೇಕೆಂಬ ಆಜ್ಞೆಯನ್ನು ಸಿಂಡೆಲಾರನು ಪಾಲಿಸಲಿಲ್ಲವೆಂದು ಪ್ರತೀತಿಯುಂಟು, ಅದೂ ನಿಜವಿರಬಹುದು. ಒಬ್ಬನೇ ಮನುಷ್ಯನು ಬಯಲಿನಲ್ಲಿ ಧೀರನೂ ವ್ಯಾಪಾರದಲ್ಲಿ ದುರ್ಬಲನೂ ಆಗಿರಬಲ್ಲನು. ಪರರಾಜ್ಯದ ಆಳ್ವಿಕೆಯ ದೊಡ್ಡ ಪಾಪವು ಇದೇ: ಅದು ಕೆಟ್ಟವರಿಂದ ಮಾತ್ರವಲ್ಲ, ಒಳ್ಳೆಯವರಿಂದಲೂ ತನಗೆ ಬೇಕಾದುದನ್ನು ಮಾಡಿಸಿಕೊಳ್ಳುವುದು.

1939ರ ಜನವರಿ 23ರಂದು ಸಿಂಡೆಲಾರನು ವಿಯೆನ್ನಾದ ಮನೆಯೊಂದರಲ್ಲಿ ಶವವಾಗಿ ದೊರೆತನು. ಜೊತೆಗಿದ್ದ ಗೆಳತಿ ಕಮಿಲ್ಲಾ ಕಾಸ್ತಾಗ್ನೋಲಾ ಸಹ ಉಳಿಯಲಿಲ್ಲ. ಹೊಗೆಯ ಕೊಳವೆ ಕೆಟ್ಟು, ವಿಷವಾಯು ಕೋಣೆಯಲ್ಲಿ ತುಂಬಿದುದೇ ಕಾರಣವೆಂದು ಅಧಿಕೃತ ನಿರ್ಣಯವಾಯಿತು. ಕೊಲೆಯೆಂದು ಕೆಲವರೂ ಆತ್ಮಹತ್ಯೆಯೆಂದು ಕೆಲವರೂ ನಂಬಿದರು. ಎರಡಕ್ಕೂ ಸಾಕಷ್ಟು ಪುರಾವೆ ಸಿಕ್ಕಿಲ್ಲ. ಆತನಿಗೆ ಆಗ 36 ತುಂಬಿರಲಿಲ್ಲ. ದೇಶಕ್ಕಾಗಿ 43 ಪಂದ್ಯಗಳನ್ನಾಡಿ 25ಕ್ಕೂ ಮಿಕ್ಕಿ ಗೋಲುಗಳನ್ನು ಹೊಡೆದಿದ್ದನು. ಸಾವಿರಾರು ಜನರು ಶವಯಾತ್ರೆಯಲ್ಲಿ ನಡೆದರು. ಬಹಿರಂಗವಾಗಿ ತಮ್ಮ ದೇಶಕ್ಕಾಗಿ ಅಳಲಾರದವರು ಆಟಗಾರನ ನೆಪದಿಂದ ಅತ್ತರೆಂದರೆ ತಪ್ಪಾಗದು.

1945ರಲ್ಲಿ ಆಸ್ಟ್ರಿಯಾ ಮತ್ತೆ ಆಸ್ಟ್ರಿಯಾ ಆಯಿತು. 1955ರಲ್ಲಿ ಪೂರ್ಣ ಸ್ವಾತಂತ್ರ್ಯವನ್ನು ಪಡೆಯಿತು. ಒಂದು ದೇಶದ ಹನ್ನೊಂದು ಜನರು ತಮ್ಮದೇ ಹೆಸರಿನಲ್ಲಿ ಬಯಲಿಗಿಳಿಯುವುದೆಂದರೇನೆಂದು ನಮಗೂ ಗೊತ್ತು. 1948ರಲ್ಲಿ ಲಂಡನ್ನಿನ ಒಲಿಂಪಿಕ್ ಕೂಟದಲ್ಲಿ ಸ್ವತಂತ್ರ ಭಾರತದ ತಂಡವು, ಹೆಚ್ಚಿನವರು ಬರಿಗಾಲಿನಲ್ಲಿಯೇ, ಫ್ರಾನ್ಸಿನೆದುರು ಆಡಿ 1-2 ರಿಂದ ಸೋತಿತು. ನಮ್ಮ ಆ ಒಂದು ಗೋಲು ಬೆಂಗಳೂರಿನ ರಾಮನ್ ಅವರದು. ಆ ಸೋಲು ನಮ್ಮದೇ ಸೋಲಾಗಿತ್ತು. ಜರ್ಮನಿಯ ಅಂಗಿಯಲ್ಲಿ ದೊರೆಯಬಹುದಾಗಿದ್ದ ಯಾವ ಗೆಲವೂ ಸಿಂಡೆಲಾರನದಾಗುತ್ತಿರಲಿಲ್ಲ.

ಕುಮಾರರಾಮನನ್ನು ನಮ್ಮವರು ದೇವರನ್ನಾಗಿ ಮಾಡಿದರು. ವಿಯೆನ್ನಾದವರು ಸಿಂಡೆಲಾರನನ್ನು ಪುರಾಣಪುರುಷನನ್ನಾಗಿ ಮಾಡಿದರು. ಪುರಾಣವನ್ನು ಪಕ್ಕಕ್ಕಿಟ್ಟು ನೋಡಿದರೂ ಆತನು ಕಿರಿದಾಗುವುದಿಲ್ಲ. ದೋಷವಿದ್ದ ಮನುಷ್ಯನೊಬ್ಬನು, ಹೋಗಬೇಕೆಂದು ಬಲ್ಲಿದರು ಕರೆದ ಕಡೆಗೆ ಹೋಗದೆ, ನೋವಿನ ಮೊಣಕಾಲನ್ನು ತೋರಿಸಿ ಮನೆಯಲ್ಲಿ ಉಳಿದನು. ದೇಶವನ್ನು ಕಳೆದುಕೊಂಡವರಿಗೆ ಎಷ್ಟೋ ಸಲ ಉಳಿಯುವ ಅಸ್ತ್ರವು ಅದೊಂದೇ.