ಕಾಲಡಿಯ ಮಣ್ಣನ್ನು ಅಳೆದವರು: ಕಾರ್ಲ್ ಟರ್ಜಾಗಿ

ನಮ್ಮ ಶಾಲೆಯ ಎಂಟನೇ ತರಗತಿ ಕೊಠಡಿಯ ಗೋಡೆಯ ಬಿರುಕನ್ನು ಆ ಕಾಲದಲ್ಲಿ ಅಲ್ಲಿ ಕುಳಿತು ಓದಿದವರು ಮರೆತಿರಲಾರರು. ಕಿಟಕಿಯ ಮೂಲೆಯಿಂದ ಹೊರಟು ಓರೆಯಾಗಿ ಮೇಲಕ್ಕೆ ಹೋಗಿದ್ದ ಆ ಬಿರುಕಿನಲ್ಲಿ ಬೇಸಿಗೆಯಲ್ಲಿ ಒಂದು ರೂಪಾಯಿ ನಾಣ್ಯ ಸಲೀಸಾಗಿ ತೂರುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಬಿರುಕು ಕೂದಲೆಳೆಯಷ್ಟಾಗುತ್ತಿತ್ತು. ಗೌಂಡಿ ಸರಿಯಾಗಿ ಕಟ್ಟಿಲ್ಲ ಎಂದು ಊರವರು ಮಾತಾಡಿಕೊಳ್ಳುತ್ತಿದ್ದರು. ನಮ್ಮ ವಿಜ್ಞಾನದ ಗುರುಗಳು ಮಾತ್ರ ಬಿರುಕಿನ ತುದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಸುತ್ತಿದ್ದರು. ತಪ್ಪು ಗೋಡೆಯದಲ್ಲ, ಅದರ ಕೆಳಗೆ ಏನಿದೆ ಎಂದು ಯೋಚಿಸಿ ಎನ್ನುತ್ತಿದ್ದರು. ಆಗ ನಮಗೆ ಅದೊಂದು ಆಟವಾಗಿತ್ತು.

ಮುಂದೆ ನಾನು ಸಿವಿಲ್ ವಿಭಾಗದಲ್ಲಿ ಬಿ.ಇ. ಓದಿದೆ. ಮಣ್ಣಿನ ಬಲವಿಜ್ಞಾನದ ಪುಸ್ತಕದಲ್ಲಿ ಪುಟಪುಟಕ್ಕೂ ಒಂದು ಹೆಸರು ಬರುತ್ತಿತ್ತು: ಟರ್ಜಾಗಿ. ಅವರ ಸೂತ್ರವನ್ನು ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದೆ, ಆಮೇಲೆ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ಆ ಹೆಸರಿನ ಹಿಂದಿನ ಮನುಷ್ಯನ ಬದುಕನ್ನು ಓದಿದ್ದು ಬಹಳ ತಡವಾಗಿ. ಓದಿದಾಗ ಮೊದಲು ನೆನಪಾದದ್ದು ಆ ಗೋಡೆ ಮತ್ತು ಪೆನ್ಸಿಲ್ ಗೆರೆಗಳು. ಅದಕ್ಕೇ ಈ ಸುವರ್ಣ ಮಹೋತ್ಸವ ಸಂಚಿಕೆಗೆ ಅವರ ಜೀವನವನ್ನೇ ಬರೆಯಲು ಕುಳಿತೆ.

ಕಾರ್ಲ್ ಟರ್ಜಾಗಿ ಹುಟ್ಟಿದ್ದು 1883ರ ಅಕ್ಟೋಬರ್ 2ರಂದು, ಪ್ರಾಗ್ ನಗರದಲ್ಲಿ. ಅಂದು ಅದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು. ತಂದೆ ಸೈನ್ಯಾಧಿಕಾರಿ. ಮಗನೂ ಬಾಲ್ಯದಲ್ಲೇ ಸೈನಿಕ ವಸತಿ ಶಾಲೆ ಸೇರಿದ. ಆದರೆ ಹುಡುಗನ ಮನಸ್ಸು ಕವಾಯತಿಗಿಂತ ಭೂಗೋಳ, ಖಗೋಳಗಳ ಕಡೆಗೇ ಹೆಚ್ಚು ಎಳೆಯುತ್ತಿತ್ತು. 1900ರಲ್ಲಿ ಗ್ರಾಟ್ಸ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು ಸೇರಿದರು. ಶಿಸ್ತಿನ ವಿದ್ಯಾರ್ಥಿಯೇನೂ ಆಗಿರಲಿಲ್ಲ. ಕತ್ತಿವರಸೆಯ ದ್ವಂದ್ವಗಳು, ಗೆಳೆಯರ ಕೂಟಗಳು, ಕಿತಾಪತಿಗಳು ಒಂದರ ಹಿಂದೊಂದು ನಡೆದು, ಒಮ್ಮೆ ವಿದ್ಯಾಲಯದಿಂದ ಹೊರಹಾಕುವ ಹಂತಕ್ಕೂ ಬಂದಿತ್ತು. ಅಂತೂ 1904ರಲ್ಲಿ ಪದವಿ ಮುಗಿಸಿದರು.

ಕಲಿತ ಯಂತ್ರಶಾಸ್ತ್ರ ಅವರಿಗೆ ಹಿಡಿಸಲಿಲ್ಲ. ಕಡ್ಡಾಯ ಸೈನಿಕ ಸೇವೆಯ ಒಂದು ವರ್ಷದಲ್ಲಿ ಬಿಡುವು ಸಿಕ್ಕಾಗ ಇಂಗ್ಲಿಷಿನ ಒಂದು ಭೂವಿಜ್ಞಾನ ಕೈಪಿಡಿಯನ್ನು ಜರ್ಮನ್ ಭಾಷೆಗೆ ಅನುವಾದಿಸಿದರು. ಮರಳಿ ಬಂದು ಒಂದು ವರ್ಷ ಭೂವಿಜ್ಞಾನ ಮತ್ತು ರಸ್ತೆ, ರೈಲು ಮಾರ್ಗಗಳ ನಿರ್ಮಾಣವನ್ನು ಓದಿಕೊಂಡರು. ಬಳಿಕ ವಿಯೆನ್ನಾದ ಗುತ್ತಿಗೆ ಸಂಸ್ಥೆಯೊಂದರಲ್ಲಿ ಕೆಲಸ. ಕ್ರೊಯೇಷಿಯಾದ ಜಲವಿದ್ಯುತ್ ಯೋಜನೆ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಕಾಮಗಾರಿ, ಹೀಗೆ ಊರೂರು ಸುತ್ತಿದರು. 1912ರಲ್ಲಿ ಡಾಕ್ಟರೇಟ್ ಕೂಡ ಪಡೆದರು.

ಬಲವರ್ಧಿತ ಕಾಂಕ್ರೀಟು, ಅಂದರೆ ಒಳಗೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು, ಆಗಷ್ಟೇ ಯುರೋಪಿನಲ್ಲಿ ಎಲ್ಲೆಡೆ ಹರಡುತ್ತಿತ್ತು. ಒಂದು ಕಂಬ ಎಷ್ಟು ಭಾರ ಹೊರಬಲ್ಲದು, ಒಂದು ತೊಲೆಗೆ ಎಷ್ಟು ಸರಳು ಬೇಕು ಎಂಬುದನ್ನು ಲೆಕ್ಕ ಹಾಕಿ ಹೇಳಬಹುದಾಗಿತ್ತು. ಆದರೆ ಆ ಕಂಬ ನಿಲ್ಲುವ ಮಣ್ಣಿನ ವಿಷಯ ಬಂದಾಗ ದೊಡ್ಡ ಎಂಜಿನಿಯರುಗಳೂ ಅಂದಾಜಿನ ಮೇಲೇ ನಡೆಯುತ್ತಿದ್ದರು. ಕಾಂಕ್ರೀಟನ್ನು ನಾವು ಬೇಕಾದ ಹದಕ್ಕೆ ಕಲಸಿಕೊಳ್ಳುತ್ತೇವೆ. ಮಣ್ಣು ಹಾಗಲ್ಲ, ಅದು ಇದ್ದ ಹಾಗೆ ಇರುತ್ತದೆ, ಹತ್ತು ಮಾರು ಆಚೆ ಹೋದರೆ ಬೇರೆಯೇ ಆಗಿರುತ್ತದೆ. ಗಟ್ಟಿಮುಟ್ಟಾದ ಕಟ್ಟಡಗಳು ಬುನಾದಿ ಕುಸಿದು ವಾಲುವುದನ್ನು, ಒಡ್ಡುಗಳು ಒಡೆಯುವುದನ್ನು ಟರ್ಜಾಗಿ ಕಣ್ಣಾರೆ ಕಂಡರು. ಎಲ್ಲಿ ಯಾವ ಬಗೆಯ ನೆಲ, ಅಲ್ಲಿ ಏನಾಯಿತು ಎಂಬ ಪಟ್ಟಿಯನ್ನು ಕೂಡಿಸಿದರೆ ನಿಯಮ ತಾನಾಗಿ ಹೊಳೆದೀತೆಂದು ನಂಬಿ 1912ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿನ ದೊಡ್ಡ ದೊಡ್ಡ ಅಣೆಕಟ್ಟು ಕಾಮಗಾರಿಗಳನ್ನು ಸುತ್ತಿ ಟಿಪ್ಪಣಿ ಮಾಡಿಕೊಂಡರು. ಸುಮಾರು ಎರಡು ವರ್ಷ ತಿರುಗಿದರೂ ನಿಯಮ ಹೊಳೆಯಲಿಲ್ಲ. ಒಂದೇ ಹೆಸರಿನ ಮಣ್ಣು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ವರ್ತಿಸಿತ್ತು. ಹೆಸರುಗಳ ಪಟ್ಟಿಯಿಂದ ಪ್ರಯೋಜನವಿಲ್ಲ, ಮಣ್ಣನ್ನೇ ಅಳೆಯಬೇಕು ಎಂಬುದನ್ನು ಮನಗಂಡು, ಬರಿಗೈಯಲ್ಲಿ 1913ರ ಕೊನೆಗೆ ಊರಿಗೆ ಮರಳಿದರು.

ಮರುವರ್ಷವೇ ಮೊದಲ ಮಹಾಯುದ್ಧ. ಟರ್ಜಾಗಿ ಸೈನ್ಯದಲ್ಲಿ ದುಡಿದರು. 1916ರಲ್ಲಿ, ಗ್ರಾಟ್ಸ್‌ನಲ್ಲಿ ಕಲಿಸಿದ್ದ ಗುರು ಫಿಲಿಪ್ ಫೋರ್ಖ್‌ಹೈಮರ್ ಅವರ ನೆರವಿನಿಂದ ಟರ್ಕಿಯ ಇಸ್ತಾಂಬುಲ್‌ನ ಎಂಜಿನಿಯರಿಂಗ್ ಶಾಲೆಯಲ್ಲಿ ಅಧ್ಯಾಪಕರಾದರು. ಯುದ್ಧದಲ್ಲಿ ಆಸ್ಟ್ರಿಯಾ, ಟರ್ಕಿ ಎರಡೂ ಸೋತವು. ಟರ್ಜಾಗಿಯವರ ನೌಕರಿ ಹೋಯಿತು. ಹೊಟ್ಟೆಪಾಡಿಗಾಗಿ ಅದೇ ಊರಿನ ರಾಬರ್ಟ್ ಕಾಲೇಜು ಎಂಬ ಅಮೆರಿಕನ್ ಸಂಸ್ಥೆಯಲ್ಲಿ ಸಣ್ಣ ಸಂಬಳದ ಕೆಲಸ ಹಿಡಿದರು.

ಮಣ್ಣಿನ ವಿಜ್ಞಾನ ಹುಟ್ಟಿದ್ದು ಅಲ್ಲಿಯೇ. ಪ್ರಯೋಗಾಲಯವಿರಲಿಲ್ಲ, ಉಪಕರಣ ಕೊಳ್ಳಲು ಹಣವಿರಲಿಲ್ಲ. ಖಾಲಿಯಾದ ಚುಟ್ಟದ ಪೆಟ್ಟಿಗೆಗಳು ಮತ್ತು ಕಾಲೇಜಿನ ಗುಜರಿಯಲ್ಲಿ ಸಿಕ್ಕ ಸಾಮಾನುಗಳಿಂದಲೇ ಅವರು ಉಪಕರಣ ಮಾಡಿಕೊಂಡರು. ಮೊದಲು ಮರಳು ತಡೆಗೋಡೆಯನ್ನು ಎಷ್ಟು ಬಲದಿಂದ ತಳ್ಳುತ್ತದೆ ಎಂದು ಅಳೆದರು. ಗೋಡೆ ತುಸುವೇ ಸರಿದರೂ ಆ ಒತ್ತಡ ಬದಲಾಗುತ್ತದೆ ಎಂದು ತೋರಿಸಿದ ಅವರ ಲೇಖನ 1920ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆಮೇಲೆ ಜೇಡಿಮಣ್ಣಿನ ಸರದಿ. ಒಂದು ಬಳೆಯೊಳಗೆ ಹಸಿ ಜೇಡಿಯನ್ನು ತುಂಬಿ, ಮೇಲೂ ಕೆಳಗೂ ನೀರು ಹೊರಹೋಗುವಂತೆ ಮಾಡಿ, ಭಾರ ಹೇರಿ, ಅದು ಎಷ್ಟು ಹೊತ್ತಿಗೆ ಎಷ್ಟು ಕುಗ್ಗುತ್ತದೆ ಎಂದು ನೋಡುತ್ತ ಕುಳಿತರು.

ಅವರು ಕಂಡದ್ದನ್ನು ನಮ್ಮ ಅಡುಗೆಮನೆಯಲ್ಲೇ ನೋಡಬಹುದು. ಶ್ರೀಖಂಡ ಮಾಡಲು ಮೊಸರನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೇಲೆ ಕಲ್ಲು ಹೇರುತ್ತಾರಲ್ಲ, ಆ ಕಲ್ಲಿನ ಭಾರವನ್ನು ಮೊದಲು ಹೊರುವುದು ಒಳಗೆ ಸಿಕ್ಕಿಕೊಂಡ ನೀರು. ನೀರು ಒಸರಿ ಹೊರಹೋದ ಹಾಗೆಲ್ಲ ಭಾರ ಗಟ್ಟಿ ಮೊಸರಿಗೆ ದಾಟುತ್ತದೆ, ಗಂಟು ಕುಗ್ಗಿ ಬಿಗಿಯಾಗುತ್ತದೆ. ನೀರು ತುಂಬಿದ ಜೇಡಿನೆಲದ ಮೇಲೆ ಕಟ್ಟಡ ಕಟ್ಟಿದಾಗಲೂ ಹೀಗೆಯೇ. ಒಟ್ಟು ಭಾರದಲ್ಲಿ ನೀರು ಹೊತ್ತ ಪಾಲನ್ನು ಕಳೆದು ಉಳಿದದ್ದು ಮಾತ್ರ ಮಣ್ಣಿನ ಕಣಗಳ ಪಾಲು. ನೆಲ ಎಷ್ಟು ಕುಗ್ಗುತ್ತದೆ, ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಆ ಪಾಲಿನ ಮೇಲೆ ನಿಂತಿದೆ. ಮರಳಿನಲ್ಲಿ ನೀರು ಕೂಡಲೇ ಹರಿದುಹೋಗುತ್ತದೆ, ಹಾಗಾಗಿ ಕಟ್ಟುವಾಗಲೇ ಕುಸಿತ ಮುಗಿಯುತ್ತದೆ. ಜೇಡಿಯ ರಂಧ್ರಗಳು ಅತಿ ಸೂಕ್ಷ್ಮ, ಅದಕ್ಕೆ ವರ್ಷಗಳೇ ಬೇಕು. ಜೇಡಿಯ ಪದರ ಎರಡು ಪಟ್ಟು ದಪ್ಪವಾದರೆ ಅದು ಕುಗ್ಗಿ ಮುಗಿಯಲು ನಾಲ್ಕು ಪಟ್ಟು ಕಾಲ ಬೇಕು. ಗೃಹಪ್ರವೇಶದ ದಿನ ನೆಟ್ಟಗಿದ್ದ ಮನೆ ಹತ್ತು ವರ್ಷದ ಮೇಲೆ ವಾಲುವ ಗುಟ್ಟು ಇದು. 1923ರಲ್ಲಿ ಟರ್ಜಾಗಿ ಇದನ್ನು ಗಣಿತದ ಸಮೀಕರಣವಾಗಿ ಬರೆದರು. 1925ರಲ್ಲಿ ಅವರ ಜರ್ಮನ್ ಗ್ರಂಥ ಹೊರಬಂತು. ಅಲ್ಲಿಂದ ಮಣ್ಣಿನ ಬಲವಿಜ್ಞಾನ ಒಂದು ಶಾಸ್ತ್ರವಾಯಿತು.

ಅದೇ ವರ್ಷ ಅಮೆರಿಕದ ಎಂ.ಐ.ಟಿ. ಅವರನ್ನು ಕರೆಸಿಕೊಂಡಿತು. ಅಷ್ಟರಲ್ಲಿ ಮೊದಲ ಮದುವೆ ಮುರಿದಿತ್ತು. ಅಮೆರಿಕದಲ್ಲಿ ಪರಿಚಯವಾದ ಭೂವಿಜ್ಞಾನಿ ರೂತ್ ಡಾಗೆಟ್ ಅವರ ಬಾಳಸಂಗಾತಿಯಾದರು, ಕೆಲಸದಲ್ಲೂ ಜೊತೆಯಾದರು. 1929ರಲ್ಲಿ ಟರ್ಜಾಗಿ ವಿಯೆನ್ನಾದ ತಾಂತ್ರಿಕ ವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಇಟಲಿಯ ಪೀಸಾ ನಗರದ ವಾಲುಗೋಪುರದ ಬಗ್ಗೆ ಅವರು 1934ರಲ್ಲಿ ಬರೆದರು. ಅದರ ವಾಲುವಿಕೆಗೆ ಕಾರಣ ಕಲ್ಲಿನ ಕೆಲಸದಲ್ಲಿಲ್ಲ, ಆಳದ ಜೇಡಿಪದರದಲ್ಲಿದೆ ಎಂದರು. 1173ರಲ್ಲಿ ಶುರುವಾದ ಆ ಗೋಪುರದ ಕೆಲಸ ನಡುವೆ ಸುಮಾರು ನೂರು ವರ್ಷ ನಿಂತಿತ್ತು. ಆ ಬಿಡುವಿನಲ್ಲಿ ನೀರು ಒಸರಿ ಜೇಡಿ ಗಟ್ಟಿಯಾಯಿತು, ಒಂದೇ ಸಮನೆ ಕಟ್ಟಿದ್ದರೆ ಗೋಪುರ ಅಂದೇ ಉರುಳುತ್ತಿತ್ತು ಎಂದು ಇಂದಿನ ತಜ್ಞರು ಹೇಳುತ್ತಾರೆ. 1936ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಅಧ್ಯಕ್ಷರು ಟರ್ಜಾಗಿಯವರೇ.

ಕೀರ್ತಿಯ ಆ ಕಾಲದಲ್ಲೇ ಅವರ ಬದುಕಿನ ಅತ್ಯಂತ ಕಹಿ ಪ್ರಸಂಗ ನಡೆಯಿತು. ವಿಯೆನ್ನಾದ ಅದೇ ವಿದ್ಯಾಲಯದಲ್ಲಿ ಪಾಲ್ ಫಿಲ್ಲುಂಗರ್ ಎಂಬ ಪ್ರಾಧ್ಯಾಪಕರಿದ್ದರು. ನೀರು ತುಂಬಿದ ರಂಧ್ರಗಳಿರುವ ವಸ್ತುಗಳ ಬಗ್ಗೆ ಅವರೂ ಆಳವಾಗಿ ಯೋಚಿಸಿದವರು. ಟರ್ಜಾಗಿಯವರ ಸಿದ್ಧಾಂತವೇ ತಪ್ಪು ಎಂದು 1936ರ ಕೊನೆಗೆ ಕಿರುಹೊತ್ತಿಗೆಯೊಂದನ್ನು ಅಚ್ಚು ಹಾಕಿಸಿದರು. ಟೀಕೆ ಸಿದ್ಧಾಂತವನ್ನು ದಾಟಿ ವ್ಯಕ್ತಿನಿಂದೆಯಾಗಿತ್ತು. ವಿದ್ಯಾಲಯ ವಿಚಾರಣಾ ಸಮಿತಿ ನೇಮಿಸಿತು. ಸಮಿತಿಯ ಅಭಿಪ್ರಾಯ ಟರ್ಜಾಗಿಯವರ ಪರವಾಗಿತ್ತು. 1937ರ ಮಾರ್ಚಿನಲ್ಲಿ ಫಿಲ್ಲುಂಗರ್ ಮತ್ತು ಅವರ ಪತ್ನಿ ತಮ್ಮ ಜೀವನವನ್ನು ತಾವೇ ಕೊನೆಗಾಣಿಸಿಕೊಂಡರು. ರಂಧ್ರಮಯ ವಸ್ತುಗಳ ಶಾಸ್ತ್ರಕ್ಕೆ ಫಿಲ್ಲುಂಗರ್ ಕೊಟ್ಟ ಕಾಣಿಕೆ ದೊಡ್ಡದೆಂದು ದಶಕಗಳ ನಂತರ ವಿದ್ವಾಂಸರು ಗುರುತಿಸಿದರು. ಗೆದ್ದವರ ಕಥೆಯನ್ನು ಹೇಳುವಾಗ ಈ ಪುಟವನ್ನು ಹಾರಿಸಿಬಿಡುವುದು ಸುಲಭ. ಆದರೆ ವಿದ್ಯೆಯ ವಾದ ಹಗೆಯಾದರೆ ಏನಾಗುತ್ತದೆ ಎಂಬುದನ್ನು ನಮ್ಮ ಮಕ್ಕಳೂ ತಿಳಿದಿರಬೇಕೆಂದು ಇಲ್ಲಿ ಬರೆದಿದ್ದೇನೆ.

1938ರಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿತು. ಟರ್ಜಾಗಿ ಅದೇ ವರ್ಷ ಕುಟುಂಬದೊಡನೆ ಅಮೆರಿಕಕ್ಕೆ ವಲಸೆ ಹೋಗಿ ಹಾರ್ವರ್ಡ್ ಸೇರಿದರು. ಅಲ್ಲಿ ಅವರ ಮುಂದೆ ಬಂದ ದೊಡ್ಡ ಕೆಲಸ ಶಿಕಾಗೋ ನಗರದ ಸುರಂಗ ರೈಲು. ಮೇಲೆ ಬಹುಮಹಡಿ ಕಟ್ಟಡಗಳು, ಕೆಳಗೆ ಬೆಣ್ಣೆಯಂಥ ಮೆತ್ತನೆಯ ಜೇಡಿ. ಸುರಂಗ ತೋಡಿದ ಹಾಗೆ ಜೇಡಿ ಒಳಕ್ಕೆ ನುಗ್ಗಿ, ಮೇಲಿನ ಬೀದಿ ಕುಸಿಯುವ ಭಯ. ಕಾಮಗಾರಿಯ ಸ್ಥಳದಲ್ಲೇ ಪ್ರಯೋಗಾಲಯ ಇಡಬೇಕು, ಮಣ್ಣಿನ ಚಲನೆಯನ್ನು ಬಿಡದೆ ಅಳೆಯಬೇಕು ಎಂದು ಟರ್ಜಾಗಿ ಪಟ್ಟು ಹಿಡಿದರು. ಆ ಹೊಣೆಯನ್ನು ರಾಲ್ಫ್ ಪೆಕ್ ಎಂಬ ಯುವಕನಿಗೆ ವಹಿಸಿದರು. ಪೆಕ್ ಓದಿದ್ದು ಕಟ್ಟಡ ಮತ್ತು ಸೇತುವೆಗಳ ರಚನಾಶಾಸ್ತ್ರ. ಈ ಅಗೆತದಿಂದ ಮಣ್ಣಿನ ಕಡೆಗೆ ತಿರುಗಿ, ಮುಂದೆ ಜಗತ್ತಿನ ದೊಡ್ಡ ತಜ್ಞರಾದರು. ಲೆಕ್ಕ ಹಾಕಿ ಕೆಲಸ ಶುರುಮಾಡು, ನಡೆಯುವಾಗ ಅಳೆಯುತ್ತಿರು, ಅಳತೆ ಲೆಕ್ಕಕ್ಕೆ ಹೊಂದದಿದ್ದರೆ ಲೆಕ್ಕವನ್ನು ತಿದ್ದಿಕೋ ಎಂಬ ಪದ್ಧತಿ ಇಂಥ ಕಾಮಗಾರಿಗಳಲ್ಲೇ ಬೆಳೆಯಿತು.

ಬುನಾದಿ ಎಷ್ಟು ಭಾರ ತಾಳಬಲ್ಲದು ಎಂಬ ಅವರ ಪ್ರಸಿದ್ಧ ಸೂತ್ರ 1943ರ ಗ್ರಂಥದಲ್ಲಿದೆ. ಮಣ್ಣಿನ ಅಂಟು, ಬುನಾದಿಯ ಆಳ, ಅದರ ಅಗಲ ಈ ಮೂರನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಂದು ನಮ್ಮ ರಾಜ್ಯದ ಸಿವಿಲ್ ವಿದ್ಯಾರ್ಥಿಗಳು ಬರೆದು ಅಭ್ಯಾಸ ಮಾಡುವುದು ಇದನ್ನೇ. 1948ರಲ್ಲಿ ಪೆಕ್ ಜೊತೆ ಬರೆದ ಪುಸ್ತಕ ಜಗತ್ತಿನಾದ್ಯಂತ ಪಠ್ಯವಾಯಿತು. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ನಾರ್ಮನ್ ಪದಕ ಅವರಿಗೆ ನಾಲ್ಕು ಸಲ ಬಂತು. ಆದರೂ ಸೂತ್ರವನ್ನೇ ನಂಬಿ ಕುಳಿತುಕೊಳ್ಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬಂಡೆಯ ಸಣ್ಣ ಬಿರುಕು, ಯಾರೂ ಗಮನಿಸದ ತೆಳು ಪದರ ಕೂಡ ಅಣೆಕಟ್ಟನ್ನು ಕೆಡವಬಲ್ಲದು ಎಂದು 1929ರಷ್ಟು ಹಿಂದೆಯೇ ಬರೆದಿದ್ದರು. ಕಟ್ಟಡ ಬಿದ್ದರೆ ಅದನ್ನು ಮುಚ್ಚಿಡದೆ ಎಲ್ಲರಿಗೂ ತಿಳಿಸಬೇಕೆಂಬುದು ಅವರ ನಿಲುವು.

ಇಳಿವಯಸ್ಸಿನಲ್ಲೂ ಕೆಲಸ ಬಿಡಲಿಲ್ಲ. ಈಜಿಪ್ಟಿನ ಅಸ್ವಾನ್ ಎತ್ತರದ ಅಣೆಕಟ್ಟಿನ ಸಲಹಾ ಮಂಡಳಿಯಲ್ಲಿದ್ದರು, ವಿನ್ಯಾಸದ ಬಗ್ಗೆ ಭಿನ್ನಾಭಿಪ್ರಾಯ ಬಂದಾಗ 1959ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ತಳದಲ್ಲಿ ಕುಗ್ಗುವ ಜೇಡಿಯಿರುವ ಕಣಿವೆಗೆ ಅಡ್ಡಲಾಗಿ ಮಿಷನ್ ಅಣೆಕಟ್ಟನ್ನು ಕಟ್ಟಿಸಿದರು. 1963ರ ಅಕ್ಟೋಬರ್ 25ರಂದು ಅಮೆರಿಕದ ವಿಂಚೆಸ್ಟರ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಎಂಬತ್ತು ವರ್ಷ. ಎರಡು ವರ್ಷದ ನಂತರ ಆ ಅಣೆಕಟ್ಟಿಗೆ ಅವರ ಹೆಸರನ್ನೇ ಇಟ್ಟರು.

ಇನ್ನು ನಮ್ಮ ಗೋಡೆಯ ಮಾತು. ನಮ್ಮ ಎರೆಮಣ್ಣು ಟರ್ಜಾಗಿ ಬಳೆಯಲ್ಲಿ ತುಂಬಿದ ಜೇಡಿಗಿಂತ ಇನ್ನಷ್ಟು ಹಟಮಾರಿ. ಮಳೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ, ಮೇಲಿನ ಬುನಾದಿಯನ್ನು ವರ್ಷವರ್ಷವೂ ಎತ್ತಿ ಇಳಿಸುತ್ತದೆ. ಗರಸು ಸಿಗುವ ತನಕ ಪಾಯ ತೋಡು ಎನ್ನುತ್ತಿದ್ದ ನಮ್ಮ ಹಿರಿಯರಿಗೆ ಇದು ಅನುಭವದಿಂದ ಗೊತ್ತಿತ್ತು. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ, ಕೆಳಗೆ ಗಡ್ಡೆಯಂತೆ ದಪ್ಪಗಿರುವ ಕಾಂಕ್ರೀಟ್ ಕಂಬಗಳನ್ನು ನೆಲದೊಳಗೆ ಇಳಿಸುವ ವಿಧಾನವನ್ನು ರೂಪಿಸಿದೆ. ಎಷ್ಟು ಆಳಕ್ಕೆ ಇಳಿಸಬೇಕೆಂದು ಆಯಾ ಜಾಗದ ಮಣ್ಣೇ ಹೇಳಬೇಕು.

ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಹೊಸ ಕೊಠಡಿ ಕಟ್ಟಿಸುವ ಮಾತು ನಡೆದಿದೆ. ಕಮಾನಿಗೆ, ಬಣ್ಣಕ್ಕೆ, ಫಲಕಕ್ಕೆ ದಾನಿಗಳು ಮುಂದೆ ಬಂದಿದ್ದಾರೆ, ಅವರಿಗೆ ವಂದನೆ. ನನ್ನದೊಂದು ವಿನಂತಿ: ಮೊದಲ ಗುದ್ದಲಿ ಬೀಳುವ ಮುಂಚೆ, ಕಟ್ಟುವ ಜಾಗದಲ್ಲಿ ಎರಡು ಮೂರು ಕಡೆ ಆಳಕ್ಕೆ ತೋಡಿ, ಮಣ್ಣನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸೋಣ. ಒಟ್ಟು ಖರ್ಚಿನಲ್ಲಿ ಅದು ಸಣ್ಣ ಪಾಲು. ಫಲಕದ ಮೇಲೆ ಅದಕ್ಕೆ ಹೆಸರು ಬರುವುದಿಲ್ಲ, ಉದ್ಘಾಟನೆಯ ದಿನ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಖರ್ಚನ್ನು ನನ್ನ ಪಾಲಿಗೆ ಬಿಟ್ಟುಕೊಡಿ ಎಂದು ಸಮಿತಿಯ ಹಿರಿಯರಲ್ಲಿ ಕೇಳಿಕೊಳ್ಳುತ್ತೇನೆ. ಗೋಡೆಯ ಮೇಲೆ ತಾರೀಖು ಬರೆಸಿದ ನಮ್ಮ ಗುರುಗಳಿಗೆ ನಾನು ಸಲ್ಲಿಸಬಹುದಾದ ಕಾಣಿಕೆ ಅದೇ.